ತಂಗಿ ಬಳಗ ಸೇರಿದ್ದಾಳೆ, ಅಮ್ಮ ತೋಟ ಬರೆದುಕೊಡ್ತೀನಿ ಅಂತಾರೆ: ಏನು ಮಾಡಲಿ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಅಪ್ಪನ ಹೆಸರಿನಲ್ಲಿ ಒಂದು ಎಕರೆ ಮೂವತ್ತು ಗುಂಟೆ ಮಾವಿನ ತೋಟ ಇದೆ. ತಂಗಿಗೆ 23 ವರ್ಷ. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಪಿಜಿಯಲ್ಲಿ ಇರುತ್ತಾಳೆ. ಪಿಜಿಯ ಗೆಳತಿ ಜತೆ ಒಂದು ಧಾರ್ಮಿಕ ಬಳಗಕ್ಕೆ ಹೋಗಲು ಶುರುಮಾಡಿದಳು. ಈಗ ಅರ್ಧ ಸಂಬಳ ಅಲ್ಲಿಗೇ ಹೋಗುತ್ತದೆ. ಒಡವೆ ಗಿರವಿ ಇಟ್ಟು ಸೇವೆಗೆ ಕೊಟ್ಟಿದ್ದಾಳೆ. ಅಮ್ಮನನ್ನೂ ಸೇರಿಸಿದ್ದಾಳೆ. ಅಮ್ಮ ಸಂಘದಲ್ಲಿ ಸಾಲ ತೆಗೆದು 40 ಸಾವಿರ ಕೊಟ್ಟರು. ಈಗ 20 ಗುಂಟೆ ತೋಟವನ್ನು ಅವರ ಟ್ರಸ್ಟಿಗೆ ಬರೆದುಕೊಡುವ ಮಾತು ನಡೆದಿದೆ. ನಾನು ಜಗಳ ಮಾಡಿದ ಮೇಲೆ ತಂಗಿ ಮನೆಗೆ ಬರುವುದೇ ಬಿಟ್ಟಳು. ಪೊಲೀಸರಿಗೆ ಹೇಳಿ ಅವಳನ್ನು ಕರೆತರಬಹುದಾ? ಕೊಟ್ಟ ಹಣ ವಾಪಸ್ ಬರುತ್ತಾ? ಜಮೀನು ಉಳಿಸಿಕೊಳ್ಳುವುದು ಹೇಗೆ? ಮುಂದಿನ ತಿಂಗಳ ಮೂರು ದಿನದ ಶಿಬಿರಕ್ಕೆ ನನ್ನನ್ನೂ ಕರೆದಿದ್ದಾರೆ, ಹೋಗಲಾ? ರಸೀದಿಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಬಳಗದ ಹೆಸರನ್ನೂ ಧರ್ಮವನ್ನೂ ನೀವು ಬರೆದಿದ್ದೀರಿ. ನಾನು ಇಲ್ಲಿ ಎರಡನ್ನೂ ಹಾಕುತ್ತಿಲ್ಲ. ವಕೀಲಿಕೆಯಲ್ಲಿ ಇಂಥ ಕಾಗದಗಳನ್ನು ಎಲ್ಲ ಧರ್ಮದ ಮನೆಗಳಿಂದಲೂ ನೋಡಿದ್ದೇನೆ. ಹೆಸರು ಬದಲಾಗುತ್ತದೆ, ರಸೀದಿಯ ಮೇಲಿನ ಚಿತ್ರ ಬದಲಾಗುತ್ತದೆ, ನಡೆಯುವ ರೀತಿ ಒಂದೇ. ನೀವು ಮಾತ್ರ ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ತಂಗಿ ಯಾರನ್ನು ನಂಬುತ್ತಾಳೆ ಅನ್ನುವುದು ಅವಳ ವಿಷಯ. ದುಡ್ಡು ಎಲ್ಲಿಗೆ ಹೋಯಿತು, ಜಮೀನು ಯಾರದು ಅನ್ನುವುದು ಮನೆಯವರ ವಿಷಯ. ನೀವು ಜಗಳ ಆಡಿದ್ದು ಮೊದಲನೆಯದರ ಮೇಲೆ. ಅಲ್ಲಿ ನೀವು ಗೆಲ್ಲುವುದಿಲ್ಲ. ಎರಡನೆಯದರಲ್ಲಿ ನಿಮ್ಮ ಕೈಲಿ ಬೇಕಾದಷ್ಟು ಇದೆ.

ತುರ್ತು ಇರುವುದು ಜಮೀನು. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದರೆ, ಈ ವಾರವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ಅರ್ಜಿ ಎಲ್ಲ ವಾರಸುದಾರರ ಹೆಸರಿಗೂ ಇರಲಿ. 'ಸದ್ಯಕ್ಕೆ ಅಮ್ಮನ ಹೆಸರಿಗೆ ಮಾಡಿಬಿಡೋಣ, ಆಮೇಲೆ ನೋಡೋಣ' ಅಂತ ಊರಲ್ಲಿ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಡ. ಖಾತೆ ಯಾರ ಹೆಸರಿಗಿದೆ ಅನ್ನುವುದರಿಂದ ಮಾಲೀಕತ್ವ ತೀರ್ಮಾನ ಆಗುವುದಿಲ್ಲ ನಿಜ. ಆದರೆ ಒಂದೇ ಹೆಸರಿನ ಪಹಣಿ ಹಿಡಿದು ದಾನಪತ್ರ ಬರೆಸುವುದು ಸುಲಭ. ಆಮೇಲೆ ಅದನ್ನು ಕೋರ್ಟಿನಲ್ಲಿ ಬಿಡಿಸುವುದು ವರ್ಷಗಟ್ಟಲೆಯ ಕೆಲಸ.

ಈಗ ಲೆಕ್ಕ ನೋಡಿ. ನೀವು ಹಿಂದೂ ಕುಟುಂಬದವರು ಅಂತ ಬರೆದಿದ್ದೀರಿ. ತೋಟ ಅಪ್ಪನ ಸ್ವಯಾರ್ಜಿತವಾಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ನೀವು, ತಂಗಿ ಮೂವರಿಗೂ ಸಮ ಪಾಲು. 70 ಗುಂಟೆಯಲ್ಲಿ ಅಮ್ಮನಿಗೆ 23 ಗುಂಟೆ ಚಿಲ್ಲರೆ. ಅಪ್ಪನ ತಾಯಿ, ಅಂದರೆ ನಿಮ್ಮ ಅಜ್ಜಿ, ಅಪ್ಪ ತೀರಿಕೊಂಡಾಗ ಬದುಕಿದ್ದರೆ ಅವರಿಗೂ ಒಂದು ಪಾಲು. ಆಗ ಅಮ್ಮನದು ಹದಿನೇಳೂವರೆ ಗುಂಟೆಗೆ ಇಳಿಯುತ್ತದೆ, 20 ಗುಂಟೆ ಕೊಡಲು ಆಗುವುದೇ ಇಲ್ಲ. ತೋಟ ತಾತನ ಕಾಲದಿಂದ ಬಂದ ಪಿತ್ರಾರ್ಜಿತ ಆಗಿದ್ದರೆ ನಿಮಗೂ ತಂಗಿಗೂ ಹುಟ್ಟಿನಿಂದಲೇ ಹಕ್ಕು ಇದೆ. ಅಮ್ಮನ ಪಾಲು ಇನ್ನೂ ಚಿಕ್ಕದಾಗಬಹುದು. ಹಳೇ ಕಾಗದ ತೆಗೆದು ಸ್ಥಳೀಯ ವಕೀಲರಿಗೆ ತೋರಿಸಿ. ತೋಟ ಸರ್ಕಾರದಿಂದ ಮಂಜೂರಾದದ್ದು, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಅಂತಾದರೆ ವಿಷಯ ಇಲ್ಲಿಗೇ ಮುಗಿಯಿತು. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ದಾನ ಕೊಡುವ ಹಾಗೂ ಇಲ್ಲ, ಮಾರುವ ಹಾಗೂ ಇಲ್ಲ.

ಇಷ್ಟರ ಮೇಲೂ ಒಂದು ಮಾತು ಹೇಳಿಬಿಡುತ್ತೇನೆ. ಅಮ್ಮನ ಪಾಲು ಅಮ್ಮನದೇ. ತಿಳಿದು, ಇಷ್ಟಪಟ್ಟು ಕೊಟ್ಟರೆ ಮಗ ಅನ್ನುವ ಕಾರಣಕ್ಕೆ ನೀವು ತಡೆಯಲು ಬರುವುದಿಲ್ಲ. ತಡೆಯಬಹುದಾದದ್ದು ನಿಮ್ಮ ಪಾಲನ್ನೂ ಸೇರಿಸಿ ಕೊಡುವುದನ್ನು. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹಾಕಿ ತಡೆಯಾಜ್ಞೆ ಕೇಳಬಹುದು. ಅಷ್ಟು ದೂರ ಹೋಗುವ ಮುಂಚೆ ಇನ್ನೊಂದು ದಾರಿ ಇದೆ. ಒಂದು ಸರ್ವೆ ನಂಬರಿನಲ್ಲಿ 20 ಗುಂಟೆ ಮಾತ್ರ ನೋಂದಣಿ ಮಾಡಿಸಬೇಕಾದರೆ ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಸರ್ವೆಯರ್ ಬಂದು ಅಳೆಯಬೇಕು. ಅಂದರೆ ಗುಟ್ಟಾಗಿ ರಾತ್ರೋರಾತ್ರಿ ಆಗುವ ಕೆಲಸವಲ್ಲ. ಅಳತೆಗೆ ಅರ್ಜಿ ಬಿದ್ದಿದೆಯಾ ಅಂತ ವಿಚಾರಿಸುತ್ತಾ ಇರಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆಗಾಗ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ.

ಅಮ್ಮನ ಜತೆ ಮಾತಾಡುವಾಗ 'ಕೊಡಬೇಡ' ಅನ್ನಬೇಡಿ. 'ಕೊಡಲೇಬೇಕು ಅಂದ್ರೆ ಉಯಿಲು ಬರೀಮ್ಮ' ಅನ್ನಿ. ದಾನಪತ್ರ ನೋಂದಣಿ ಆದ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಉಯಿಲನ್ನು ಬದುಕಿರುವವರೆಗೂ ಎಷ್ಟು ಸಲ ಬೇಕಾದರೂ ಬದಲಿಸಬಹುದು. ನಿಜವಾಗಿ ಅಮ್ಮನ ಪುಣ್ಯ ನೋಡುವ ಬಳಗವಾದರೆ ಉಯಿಲಿಗೆ ಒಪ್ಪಬೇಕು ಅಲ್ವಾ? 'ಉಯಿಲು ಆಗಲ್ಲ, ಈಗಲೇ ರಿಜಿಸ್ಟರ್ ಆಗಬೇಕು' ಅಂದರೆ ಅಮ್ಮನೇ ಯೋಚನೆ ಮಾಡುತ್ತಾರೆ. ನೀವು ಹತ್ತು ಸಲ ಹೇಳುವುದಕ್ಕಿಂತ ಬಳಗದವರು ಒಂದು ಸಲ ಹೀಗೆ ಹೇಳಿದ್ದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ನೀವು ಕಳಿಸಿದ ಫೋಟೋಗಳು. ಮೂರನ್ನೂ ದೊಡ್ಡದು ಮಾಡಿ ನೋಡಿದೆ.

ಮೊದಲನೆಯದು 10,000 ರೂಪಾಯಿ ನಗದಿನ ರಸೀದಿ. ಮೇಲೆ ಟ್ರಸ್ಟಿನ ಹೆಸರು, ಕೆಳಗೆ ರಬ್ಬರ್ ಸ್ಟಾಂಪು, ಒಂದು ಮೊಬೈಲ್ ನಂಬರು. ಪ್ಯಾನ್ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಆದರೂ 'ತೆರಿಗೆ ವಿನಾಯಿತಿ ಇದೆ' ಅಂತ ಮುದ್ರಿಸಿದ್ದಾರೆ. ಅದು ನಿಮ್ಮ ತಂಗಿಯ ಮಟ್ಟಿಗಂತೂ ಸುಳ್ಳು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಅಡಿ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ. 80ಜಿ ಅನುಮೋದನೆ ಇರುವ ಟ್ರಸ್ಟು ದಾನಿಗೆ 10ಬಿಇ ಅನ್ನುವ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೊಡಲೇಬೇಕು. ಅದನ್ನು ತಂಗಿಯಿಂದ ಕೇಳಿಸಿ ನೋಡಿ.

ಎರಡನೆಯದರಲ್ಲಿ 'ಮೂಲನಿಧಿಗೆ' ಅನ್ನುವ ಕಡೆ ಯಾರೋ ಟಿಕ್ ಹಾಕಿದ್ದಾರೆ. ಅದು ತಂಗಿ ಬರೆದ ಪೆನ್ನಿನದಲ್ಲ ಅಂತ ನೀವೇ ಬರೆದಿದ್ದೀರಿ. ಮೂಲನಿಧಿ ಅಂದರೆ ಟ್ರಸ್ಟು ಆ ಹಣವನ್ನು ಬಂಡವಾಳವಾಗಿ ಇಟ್ಟುಕೊಳ್ಳಬಹುದು, ಈ ವರ್ಷದ ಸೇವೆಗೆ ಖರ್ಚು ಮಾಡಬೇಕಾಗಿಲ್ಲ. ತಂಗಿ ಕೊಟ್ಟದ್ದು 'ಅನ್ನದಾನಕ್ಕೆ' ಅಲ್ವಾ? ಹಾಗಾದರೆ ಟಿಕ್ ಯಾಕೆ ಅಲ್ಲಿ ಬಿತ್ತು ಅಂತ ಅವಳೇ ಕೇಳಲಿ.

ಮೂರನೆಯದು ಫೋನ್‌ಪೇ ಸ್ಕ್ರೀನ್‌ಶಾಟ್. ನನಗೆ ಜಾಸ್ತಿ ಆತಂಕ ತಂದದ್ದು ಇದೇ. ಹಣ ಹೋಗಿರುವುದು ಟ್ರಸ್ಟಿನ ಖಾತೆಗಲ್ಲ, ಒಬ್ಬ ವ್ಯಕ್ತಿಯ ಖಾತೆಗೆ. 'ಟ್ರಸ್ಟ್ ಅಕೌಂಟ್‌ನಲ್ಲಿ ಪ್ರಾಬ್ಲಂ ಇದೆ, ನನ್ನ ನಂಬರಿಗೆ ಹಾಕಿ' ಅಂದಿರುತ್ತಾರೆ. ಈ ಸ್ಕ್ರೀನ್‌ಶಾಟನ್ನು ಅಳಿಸಬೇಡಿ. ತಂಗಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಇದು ಇರುತ್ತದೆ.

ಸುಮ್ನೆ ಹೋಲಿಸಿ ನೋಡಿ. ಮುಜರಾಯಿ ದೇವಸ್ಥಾನದ ಹುಂಡಿ ತೆರೆದರೆ ತಾಲೂಕು ಕಚೇರಿಯವರ ಎದುರು ಎಣಿಕೆ ಆಗುತ್ತದೆ, ಎಷ್ಟು ಬಂತು ಅಂತ ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ತುಮಕೂರಿನ ಸಿದ್ಧಗಂಗಾ ಮಠಕ್ಕೆ ರೈತರು ರಾಗಿ, ಅಕ್ಕಿ, ಬೇಳೆ ಕೊಡುತ್ತಾ ಬಂದಿದ್ದಾರೆ. ಅದು ಸಾವಿರಾರು ಮಕ್ಕಳ ಊಟವಾಗಿ ದಿನಾ ಕಣ್ಣಿಗೆ ಕಾಣುತ್ತದೆ. ನಮ್ಮ ಕಡೆ ಜನ ಕೊಡುಗೈಯವರು, ಅದರಲ್ಲಿ ತಪ್ಪಿಲ್ಲ. ಕೊಟ್ಟದ್ದು ಎಲ್ಲಿ ಹೋಯಿತು ಅಂತ ಕೇಳಿದವರ ಮೇಲೆ ಸಿಟ್ಟಾಗುವ ಜಾಗದಲ್ಲಿ ಮಾತ್ರ ಹುಷಾರಾಗಿರಬೇಕು.

ಹಣ ವಾಪಸ್ ಬರುತ್ತಾ? ಸುಲಭ ಇಲ್ಲ, ದಾರಿ ಇದೆ. 1872ರ ಕರಾರು ಕಾಯ್ದೆಯ 16ನೇ ಕಲಂ 'ಅನುಚಿತ ಪ್ರಭಾವ'ದ ಬಗ್ಗೆ ಹೇಳುತ್ತದೆ. ಒಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿರುವವರು ಅದನ್ನು ಬಳಸಿ ಲಾಭ ಮಾಡಿಕೊಂಡರೆ ಆ ವ್ಯವಹಾರ ರದ್ದಾಗಬಹುದು. ಗುರು ಮತ್ತು ಶಿಷ್ಯರ ಸಂಬಂಧಕ್ಕೂ ಇದು ಹೊಂದುತ್ತದೆ. ಇದು ಹೊಸ ಮಾತೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಲಹಾಬಾದ್ ಹೈಕೋರ್ಟಿನ ಮುಂದೆ ಮನ್ನು ಸಿಂಗ್ ಪ್ರಕರಣ ಬಂದಿತ್ತು. ವಯಸ್ಸಾದ ಒಬ್ಬರು ಪರಲೋಕದಲ್ಲಿ ಆತ್ಮಕ್ಕೆ ಒಳ್ಳೆಯದಾಗಲಿ ಅಂತ ಇಡೀ ಆಸ್ತಿಯನ್ನು ತಮ್ಮ ಗುರುವಿಗೆ ಬರೆದುಕೊಟ್ಟಿದ್ದರು. ಕೋರ್ಟು ಅದನ್ನು ರದ್ದು ಮಾಡಿತು. ಇಂಗ್ಲೆಂಡಿನಲ್ಲಿ 1887ರಲ್ಲಿ ಆಲ್‌ಕಾರ್ಡ್ ಅನ್ನುವ ಸನ್ಯಾಸಿನಿಯ ಪ್ರಕರಣ ನಡೆಯಿತು. ಆಕೆ ಆಸ್ತಿ ಕೊಟ್ಟಿದ್ದು ಅನುಚಿತ ಪ್ರಭಾವದಿಂದಲೇ ಅಂತ ನ್ಯಾಯಾಧೀಶರು ಒಪ್ಪಿದರು. ಆದರೆ ಸಂಸ್ಥೆ ಬಿಟ್ಟು ಬಂದ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದು ದಾವೆ ಹಾಕಿದ್ದರಿಂದ ಹಣ ಸಿಗಲಿಲ್ಲ. ನಮ್ಮಲ್ಲೂ ಇಂಥ ಕಾಗದ ರದ್ದು ಮಾಡಿಸಲು, ವಿಷಯ ತಿಳಿದ ದಿನದಿಂದ ಮೂರು ವರ್ಷದ ಗಡುವು ಇದೆ. ಇನ್ನೊಂದು ತೊಡಕು: ದಾವೆ ಹಾಕಬೇಕಾದವರು ಕೊಟ್ಟವರೇ, ಅಂದರೆ ತಂಗಿ ಮತ್ತು ಅಮ್ಮ. ನೀವಲ್ಲ.

'ನಿಮ್ಮ ಹಣಕ್ಕೆ ತಿಂಗಳಿಗೆ ಇಷ್ಟು ವಾಪಸ್ ಕೊಡ್ತೀವಿ' ಅಂತ ಬಳಗದವರು ಎಲ್ಲಾದರೂ ಹೇಳಿದ್ದಾರಾ? ಹಾಗಿದ್ದರೆ ಅದು ಕಾಣಿಕೆಯಲ್ಲ, ಠೇವಣಿ. ಬೆಂಗಳೂರಿನ ಐಎಂಎ ಹಗರಣ ನೆನಪಿದೆಯಲ್ಲ? ಬಡ್ಡಿಯಲ್ಲ, ಧರ್ಮಕ್ಕೆ ಒಪ್ಪುವ ಲಾಭದ ಪಾಲು ಅಂತ ಹಣ ತೆಗೆದುಕೊಂಡರು. 2019ರ ಜೂನಿನಲ್ಲಿ ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳು ಬೀದಿಯಲ್ಲಿ ನಿಂತವು. ಠೇವಣಿಯ ವಿಷಯವಾದರೆ 2004ರ ಕರ್ನಾಟಕದ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಮತ್ತು 2019ರ ಕೇಂದ್ರ ಕಾಯ್ದೆ ಎರಡೂ ಇವೆ. ಆಗ ನೇರ ಪೊಲೀಸ್ ದೂರು ಕೊಡಬಹುದು.

ಈಗ ತಂಗಿ ವಿಷಯ. ಪೊಲೀಸರು ಕರೆತರುವುದಿಲ್ಲ. ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟರೆ ಅವಳನ್ನು ಹುಡುಕಿ, 'ನನ್ನಿಷ್ಟದಿಂದ ಇದ್ದೇನೆ' ಅನ್ನುವ ಹೇಳಿಕೆ ಬರೆಸಿಕೊಂಡು ಮುಗಿಸುತ್ತಾರೆ. ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ ಅರ್ಜಿ, ಹಾಕಿದರೂ ಅಷ್ಟೇ. ಕೇರಳದ ಹಾದಿಯಾ ಅನ್ನುವ ಯುವತಿಯ ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಯಸ್ಕರ ಆಯ್ಕೆಯಲ್ಲಿ ಅಪ್ಪ ಅಮ್ಮ ಕೈಹಾಕಲು ಬರುವುದಿಲ್ಲ ಅಂದಿತು. 2024ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಆಶ್ರಮವೊಂದರಲ್ಲಿದ್ದ ಇಬ್ಬರು ಹೆಣ್ಣುಮಕ್ಕಳ ತಂದೆಯ ಅರ್ಜಿಯನ್ನೂ ಮುಗಿಸಿತು. ಇಬ್ಬರೂ ಸ್ವಂತ ಇಷ್ಟದಿಂದ ಇದ್ದೇವೆ ಅಂದಿದ್ದರು. ನಿಮಗೆ ಕಹಿ ಅನ್ನಿಸಬಹುದು. ನನಗೆ ಇದು ಸರಿ ಅನ್ನಿಸುತ್ತದೆ. 23 ವರ್ಷದ ಹೆಣ್ಣುಮಗಳನ್ನು ಅಣ್ಣ ಹಿಡಿದು ತರಬಹುದು ಅನ್ನುವ ಕಾನೂನು ಇದ್ದರೆ ಅದು ನಮ್ಮ ಹಳ್ಳಿಗಳಲ್ಲಿ ಯಾವುದಕ್ಕೆಲ್ಲ ಬಳಕೆಯಾಗುತ್ತಿತ್ತು ಅಂತ ಯೋಚಿಸಿ.

ನೆಂಟರು ನಾಲ್ಕು ಜನ ಸೇರಿ ಕಾರಿನಲ್ಲಿ ಎತ್ತಿಕೊಂಡು ಬರೋಣ ಅಂದರೆ ಖಂಡಿತ ಬೇಡ. ಅದು ಅಕ್ರಮ ಬಂಧನ, ಕೇಸು ನಿಮ್ಮ ಮೇಲೆ ಬೀಳುತ್ತದೆ. ಜಪಾನಿನಲ್ಲಿ ಯೂನಿಫಿಕೇಷನ್ ಚರ್ಚ್ ಅನ್ನುವ ಪಂಥದ ಸದಸ್ಯನೊಬ್ಬನನ್ನು ಮನೆಯವರೇ 12 ವರ್ಷಕ್ಕೂ ಹೆಚ್ಚು ಕೂಡಿಹಾಕಿದ್ದರು. ಆತ ಪಂಥ ಬಿಡಲಿಲ್ಲ. ಕೋರ್ಟು ಮನೆಯವರೇ ಪರಿಹಾರ ಕೊಡಬೇಕು ಅಂದಿತು.

ಈ ಪಂಥದ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಕೊರಿಯಾದಲ್ಲಿ ಹುಟ್ಟಿದ ಇದನ್ನು ಅಧ್ಯಯನ ಮಾಡಿದಷ್ಟು ಬೇರೆ ಯಾವ ಗುಂಪನ್ನೂ ಮಾಡಿರಲಾರರು. 1960ರ ದಶಕದ ಆರಂಭದಲ್ಲಿ ಅಮೆರಿಕದ ಲಾಫ್ಲಂಡ್ ಮತ್ತು ಸ್ಟಾರ್ಕ್ ಅನ್ನುವ ಇಬ್ಬರು ಸಂಶೋಧಕರು ಜನ ಹೇಗೆ ಸೇರುತ್ತಾರೆ ಅಂತ ನೋಡಿದರು. ಉಪದೇಶ ಕೇಳಿ ಮನಸೋತು ಬಂದವರು ಕಡಿಮೆ. ಒಳಗಿರುವ ಒಬ್ಬರ ಜತೆ ಗಟ್ಟಿ ಸ್ನೇಹ ಬೆಳೆದು, ಹೊರಗಿನ ನಂಟು ಸಡಿಲವಾಗುತ್ತಾ ಬಂದವರೇ ಸೇರುತ್ತಿದ್ದರು. ನಂಬಿಕೆ ಆಮೇಲೆ ಬರುತ್ತಿತ್ತು. ನರಸಾಪುರ, ವೇಮಗಲ್ ಕಡೆಯ ಪಿಜಿಗಳನ್ನು ನೆನೆಸಿಕೊಳ್ಳಿ. ಒಂದು ರೂಮಿನಲ್ಲಿ ನಾಲ್ಕು ಹುಡುಗಿಯರು, ಶಿಫ್ಟ್ ಕೆಲಸ, ಮನೆಗೆ ಹೋಗುವುದು ಹಬ್ಬಕ್ಕೆ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟವಳು ಬಳಗದ ಗೆಳತಿ. ಅಪ್ಪ ತೀರಿಕೊಂಡಾಗ ಪಕ್ಕದಲ್ಲಿ ಕೂತು ಅತ್ತವಳೂ ಅವಳೇ ಇರಬೇಕು. ಆ ಗೆಳತಿ ನಾಟಕ ಆಡುತ್ತಿದ್ದಾಳೆ ಅಂದುಕೊಳ್ಳಬೇಡಿ. ಬಹುಪಾಲು ಅವಳೂ ನಂಬಿಯೇ ಕರೆತಂದಿರುತ್ತಾಳೆ, ಅವಳೂ ಸಾಲ ಮಾಡಿರುತ್ತಾಳೆ.

ಅಮ್ಮನ ಕಥೆ ಬೇರೆಯಲ್ಲ. 2025ರ ಜೂನಿನಲ್ಲಿ ತೋತಾಪುರಿ ಬೆಲೆ ನೆಲ ಕಚ್ಚಿದಾಗ ಶ್ರೀನಿವಾಸಪುರದ ಬೆಳೆಗಾರರು ಹಣ್ಣು ರಸ್ತೆಗೆ ಸುರಿದರು. ಗಂಡ ಇಲ್ಲ, ಬೆಲೆ ಇಲ್ಲ, ಮಗಳು ದೂರ. ಆ ಹೊತ್ತಿಗೆ ಮನೆ ತನಕ ಬಂದು 'ಅಮ್ಮಾ, ಊಟ ಆಯ್ತಾ' ಅಂತ ಕೇಳಿದವರು ಯಾರು?

ಇನ್ನೊಂದು ಕೆಲಸ ಗಮನಿಸಿ. ಇಂಥ ಶಿಬಿರಗಳಲ್ಲಿ ಮೊದಲ ದಿನ ಒಂದು ಪರಿಚಯ ಫಾರಂ ತುಂಬಿಸುತ್ತಾರೆ. ಒಂದು ಫಾರಂ ನನ್ನ ಕಡತದಲ್ಲಿದೆ. ಹೆಸರು, ಹುಟ್ಟಿದ ದಿನ, ನಕ್ಷತ್ರ. ಆಮೇಲೆ 'ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ', 'ಸಾಲ ಇದೆಯೇ, ಎಷ್ಟು', 'ಇತ್ತೀಚೆಗೆ ಸಾವು', 'ಜಮೀನು, ಸೈಟು'. ಎರಡು ವಾರ ಆದ ಮೇಲೆ ದೊಡ್ಡವರು ಕರೆದು 'ನಿಮ್ಮ ಮನೆಯಲ್ಲಿ ಗಂಡಸಿನ ಸಾವಾಗಿದೆ, ಅವರ ಆತ್ಮಕ್ಕೆ ಶಾಂತಿ ಇಲ್ಲ' ಅನ್ನುತ್ತಾರೆ. ಕೇಳಿದವರ ಮೈ ಜುಂ ಅನ್ನುತ್ತದೆ. ಫಾರಂ ತುಂಬಿದ್ದು ನೆನಪೇ ಇರುವುದಿಲ್ಲ. ಜಪಾನಿನಲ್ಲಿ ಯೂನಿಫಿಕೇಷನ್ ಚರ್ಚ್ ನಡೆಸಿದ್ದೂ ಹೀಗೆಯೇ. ಪಿತೃಗಳ ಪಾಪ ತೊಳೆಯಬೇಕು ಅಂತ ಹೂದಾನಿ, ಮೊಹರು ಇಂಥವನ್ನು ದುಬಾರಿ ಬೆಲೆಗೆ ಮಾರಿದರು. 2022ರ ಜುಲೈನಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಗುಂಡಿಟ್ಟು ಕೊಂದವನ ತಾಯಿ ಈ ಪಂಥಕ್ಕೆ ಸುಮಾರು 10 ಕೋಟಿ ಯೆನ್ ಕೊಟ್ಟು ಮನೆ ಮುಳುಗಿಸಿದ್ದರು. ಆ ವರ್ಷದ ಡಿಸೆಂಬರಿನಲ್ಲೇ ಜಪಾನ್ ಹೊಸ ಕಾನೂನು ತಂದಿತು. ಸಾಲ ಮಾಡಿ, ಮನೆ ಮಾರಿ ಕಾಣಿಕೆ ಕೊಡಿ ಅಂತ ಒತ್ತಾಯಿಸುವುದು ಈಗ ಅಲ್ಲಿ ನಿಷಿದ್ಧ. 2025ರ ಮಾರ್ಚಿನಲ್ಲಿ ಟೋಕಿಯೊ ಕೋರ್ಟು ಆ ಪಂಥದ ವಿಸರ್ಜನೆಗೆ ಆದೇಶ ಕೊಟ್ಟಿತು. ನಮ್ಮಲ್ಲಿ ಕಾಣಿಕೆಗೆಂದೇ ಅಂಥ ಕಾನೂನು ಇಲ್ಲ. ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಮಗೆ ಸಮಾಧಾನ ಕೊಡುವ ಸಂಗತಿಯೂ ಅದೇ ಪಂಥದಿಂದ ಬಂದಿದೆ. ಲಂಡನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಅದರ ಶಿಬಿರಗಳಿಗೆ ಬಂದವರನ್ನು ವರ್ಷಗಟ್ಟಲೆ ಗಮನಿಸಿದರು. ಹತ್ತರಲ್ಲಿ ಒಂಬತ್ತು ಜನ ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಕೆಲವೇ ವರ್ಷದಲ್ಲಿ ತಾವಾಗಿಯೇ ಬಿಟ್ಟರು. ಯಾರೂ ಎಳೆದು ತರಬೇಕಾಗಿರಲಿಲ್ಲ. ನಿಮ್ಮ ತಂಗಿಗೂ ಒಂದು ದಿನ ಸಾಕು ಅನ್ನಿಸಬಹುದು. ಆ ದಿನ ಅವಳಿಗೆ ಫೋನ್ ಮಾಡಲು ಒಂದು ನಂಬರು ಬೇಕು. 'ನಾನು ಆವತ್ತೇ ಹೇಳಿರಲಿಲ್ವಾ' ಅನ್ನುವ ಅಣ್ಣನಿಗೆ ಅವಳು ಮಾಡುವುದಿಲ್ಲ.

ಆದ್ದರಿಂದ ಈ ವಾರ ಫೋನ್ ಮಾಡಿ. ಬಳಗದ ಮಾತೇ ಎತ್ತಬೇಡಿ. ನಾಲ್ಕನೇ ಐದನೇ ಸಲ ಮಾತಾಡುವ ಹೊತ್ತಿಗೆ ಒಡವೆ ವಿಷಯ ಕೇಳಿ, ಬೈಯುವುದಕ್ಕಲ್ಲ. ಗಿರವಿ ಚೀಟಿಯಲ್ಲಿ ಕೊನೆ ದಿನಾಂಕ ಯಾವಾಗ, ಬಡ್ಡಿ ಎಷ್ಟಾಯಿತು ಅಂತ. ಗಡುವು ಮೀರಿದರೆ ಹರಾಜಿಗೆ ಹೋಗುತ್ತದೆ. ಬಡ್ಡಿ ಕಟ್ಟಿ ಮುಂದಕ್ಕೆ ಹಾಕಿಸುವುದಕ್ಕೆ ನೀವು ಸಹಾಯ ಮಾಡಿದರೆ ಅವಳಿಗೆ ನಿಮ್ಮ ಮೇಲಿನ ಭಯ ಹೋಗುತ್ತದೆ. ಕೈಗೆ ನಗದು ಕೊಡಬೇಡಿ, ನೇರ ಗಿರವಿ ಖಾತೆಗೆ ಕಟ್ಟಿ. ಅಮ್ಮನ ಸಂಘದ ಕಂತೂ ತಪ್ಪದಂತೆ ನೋಡಿಕೊಳ್ಳಿ. ಅದು ಗುಂಪಿನ ಸಾಲ, ಅಮ್ಮ ಕಟ್ಟದಿದ್ದರೆ ಪಕ್ಕದ ಮನೆಯವರು ಕಟ್ಟಬೇಕಾಗುತ್ತದೆ, ಊರಲ್ಲಿ ಅಮ್ಮ ಒಂಟಿಯಾಗುತ್ತಾರೆ. ಒಂಟಿಯಾದಷ್ಟೂ ಬಳಗಕ್ಕೆ ಹತ್ತಿರ.

ಪೊಲೀಸರ ಹತ್ತಿರ ಹೋಗಲೇಬೇಕಾದ ಸಂದರ್ಭಗಳೂ ಇವೆ. ಆಧಾರ್, ಎಟಿಎಂ ಕಾರ್ಡು, ಫೋನು ಕಿತ್ತಿಟ್ಟುಕೊಂಡರೆ. ಹೊಡೆತ, ಲೈಂಗಿಕ ಕಿರುಕುಳ ಇದ್ದರೆ. 18 ತುಂಬದ ಮಕ್ಕಳು ಅಲ್ಲಿದ್ದರೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಮಂತ್ರದ ತಾಯಿತ ಗಿಯಿತದ ಜಾಹೀರಾತು ಕೊಟ್ಟರೆ 1954ರ ಕಾಯ್ದೆ ಇದೆ. ಭೂತ ಬಿಡಿಸುವ ನೆಪದಲ್ಲಿ ಹಿಂಸೆ ಮಾಡಿದರೆ ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ಇದೆ. ತುರ್ತಿಗೆ 112, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098. ವಕೀಲರ ಖರ್ಚಿಗೆ ಹೆದರಬೇಡಿ. ಕೋಲಾರದ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಫೋನ್ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ. ತಂಗಿ, ಅಮ್ಮ ಇಬ್ಬರಿಗೂ ಅನ್ವಯಿಸುತ್ತದೆ. ತಂಗಿ ನಿದ್ದೆ, ಊಟ ಬಿಟ್ಟಿದ್ದಾಳೆ, ಬದುಕು ಬೇಡ ಅಂತಾಳೆ ಅನ್ನಿಸಿದರೆ ತಡಮಾಡದೆ 14416ಕ್ಕೆ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಶಿಬಿರ. ಮೂರು ದಿನಕ್ಕೆ ಹೋಗಬೇಡಿ. ನಿದ್ದೆ ಕಡಿಮೆ, ಫೋನ್ ಇಲ್ಲ, ಬೆಳಗಿನಿಂದ ರಾತ್ರಿವರೆಗೆ ಹಾಡು, ಭಾಷಣ. ಅಂಥ ಕಡೆ ಗಟ್ಟಿ ಮನಸ್ಸಿನವರೂ ಎರಡನೇ ದಿನಕ್ಕೆ ಕರಗುತ್ತಾರೆ. ಆದರೆ ಪೂರ್ತಿ ಬಿಡಲೂ ಬೇಡಿ. ಒಂದು ಹೊತ್ತಿಗೆ ಹೋಗಿ ಬನ್ನಿ. ನಿಮ್ಮ ಬೈಕಿನಲ್ಲೇ ಹೋಗಿ, ಅವರ ವ್ಯಾನು ಹತ್ತಬೇಡಿ. ಕಿಸೆಯಲ್ಲಿ ಪೆಟ್ರೋಲಿನಷ್ಟೇ ದುಡ್ಡಿರಲಿ. ಫಾರಂ ಕೊಟ್ಟರೆ ಹೆಸರು, ಊರು ಬರೆದು ಉಳಿದದ್ದು ಖಾಲಿ ಬಿಡಿ, ಸಹಿ ಬೇಡ. ಊಟಕ್ಕೆ ತಂಗಿ ಪಕ್ಕ ಕೂತುಕೊಳ್ಳಿ, ಗೆಳತಿಯನ್ನೂ ಮಾತಾಡಿಸಿ. ವಾದಕ್ಕೆ ಇಳಿಯಬೇಡಿ. ಹೊರಡುವಾಗ 'ಮುಂದಿನ ಸಲ ಮೂರೂ ದಿನ ಇರಲೇಬೇಕು' ಅನ್ನುತ್ತಾರೆ. 'ನೋಡೋಣ' ಅಂದುಬಿಡಿ. ಖಡಾಖಂಡಿತ ಇಲ್ಲ ಅಂದರೆ ಅದರ ಒತ್ತಡ ಬೀಳುವುದು ತಂಗಿ ಮೇಲೆ. ನಿಮ್ಮನ್ನು ಕರೆತರುವ ಜವಾಬ್ದಾರಿಯನ್ನು ಅವಳಿಗೇ ಹೊರಿಸಿರುತ್ತಾರೆ.